ಒತ್ತಡದ ಹಾರ್ಮೋನುಗಳು ಮತ್ತು ಮಿದುಳು

ಒತ್ತಡದ ಹಾರ್ಮೋನುಗಳು ಎಂದರೆ ಅಪಾಯ, ಗಾಯ, ಸೋಂಕು, ಹಸಿವು ಅಥವಾ ಮಾನಸಿಕ ಆತಂಕ ಎದುರಾದಾಗ ದೇಹದ ಗ್ರಂಥಿಗಳು ರಕ್ತಕ್ಕೆ ಹೆಚ್ಚಿನ ಪ್ರಮಾಣದಲ್ಲಿ ಬಿಡುಗಡೆ ಮಾಡುವ ರಾಸಾಯನಿಕ ಸಂದೇಶವಾಹಕಗಳು. ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳ ತಿರುಳಿನಿಂದ ಸ್ರವಿಸುವ ಅಡ್ರಿನಾಲಿನ್ ಹಾಗೂ ಅದೇ ಗ್ರಂಥಿಗಳ ಹೊರಪದರದಿಂದ ಸ್ರವಿಸುವ ಕಾರ್ಟಿಸಾಲ್ ಇವುಗಳಲ್ಲಿ ಮುಖ್ಯವಾದವು. ಮಿದುಳಿನ ಜೀವಕೋಶಗಳಲ್ಲಿ ಈ ಹಾರ್ಮೋನುಗಳನ್ನು ಗುರುತಿಸಿ ಹಿಡಿದುಕೊಳ್ಳುವ ವಿಶೇಷ ಪ್ರೋಟೀನುಗಳಿವೆ. ಇವನ್ನು ಗ್ರಾಹಕಗಳು ಎನ್ನುತ್ತಾರೆ. ಹಾರ್ಮೋನು ತನ್ನ ಗ್ರಾಹಕಕ್ಕೆ ಅಂಟಿಕೊಂಡ ನಂತರವೇ ಅದರ ಪರಿಣಾಮ ಆರಂಭವಾಗುತ್ತದೆ.

ಕಾರ್ಟಿಸಾಲ್ ಅನ್ನು ಜನಸಾಮಾನ್ಯರ ಬರವಣಿಗೆಯಲ್ಲಿ ಹಾನಿಕಾರಕ ವಸ್ತುವೆಂದು ಚಿತ್ರಿಸುವುದುಂಟು. ಆದರೆ ಅದಿಲ್ಲದೆ ಮನುಷ್ಯ ಬದುಕಲಾರ. ಅದರ ಪರಿಣಾಮವು ಎಷ್ಟು ಪ್ರಮಾಣ, ಎಷ್ಟು ಹೊತ್ತು, ಮಿದುಳಿನ ಯಾವ ಭಾಗ ಮತ್ತು ಯಾವ ಬಗೆಯ ಗ್ರಾಹಕ ಎಂಬ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ. ಅಲ್ಪಕಾಲದ ಏರಿಕೆ ಗಮನವನ್ನೂ ನೆನಪನ್ನೂ ಬಲಪಡಿಸಬಲ್ಲದು. ವಾರಗಟ್ಟಲೆ ಇಳಿಯದೆ ಉಳಿದ ಏರಿಕೆ ನರಕೋಶಗಳ ಆಕಾರವನ್ನೇ ಬದಲಿಸಬಲ್ಲದು. ಹಾರ್ಮೋನು ಪೂರ್ಣವಾಗಿ ಇಲ್ಲವಾದರೂ ನರಕೋಶಗಳಿಗೆ ಹಾನಿಯಾಗುತ್ತದೆ.

## ಇತಿಹಾಸ

ಅಡ್ರಿನಲ್ ಗ್ರಂಥಿಗಳು ಜೀವಕ್ಕೆ ಅತ್ಯಗತ್ಯವೆಂಬ ಸೂಚನೆ ಮೊದಲು ದೊರೆತದ್ದು 1855ರಲ್ಲಿ. ಈ ಗ್ರಂಥಿಗಳು ನಾಶವಾದ ರೋಗಿಗಳು ಕ್ರಮೇಣ ನಿಶ್ಶಕ್ತರಾಗಿ ಸಾಯುವುದನ್ನು ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಆ ವರ್ಷ ವಿವರಿಸಿದ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೋವು, ಹಸಿವು, ಭಯ ಮತ್ತು ಕೋಪದ ಸಂದರ್ಭಗಳಲ್ಲಿ ದೇಹದಲ್ಲಾಗುವ ಬದಲಾವಣೆಗಳನ್ನು ವಿವರಿಸಿದ. ಎದುರಿಸಿ ಹೋರಾಡಲು ಅಥವಾ ಓಡಿ ಪಾರಾಗಲು ದೇಹವನ್ನು ಅಣಿಗೊಳಿಸುವ ಪ್ರತಿಕ್ರಿಯೆ ಎಂಬ ಕಲ್ಪನೆ ಅವನಿಂದ ಬಂದದ್ದು.

1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡುತ್ತಿದ್ದ ಹ್ಯಾನ್ಸ್ ಸೆಲ್ಯೆ, ಚಳಿ, ಶಸ್ತ್ರಚಿಕಿತ್ಸೆ, ಅತಿಯಾದ ಶ್ರಮ, ವಿಷವಸ್ತು ಮುಂತಾದ ಬೇರೆಬೇರೆ ಆಘಾತಗಳಿಗೆ ಇಲಿಗಳ ದೇಹ ಒಂದೇ ತೆರನಾಗಿ ಪ್ರತಿಕ್ರಿಯಿಸುವುದನ್ನು ವರದಿ ಮಾಡಿದ. ಅಡ್ರಿನಲ್ ಗ್ರಂಥಿಗಳು ಹಿಗ್ಗುವುದು, ಥೈಮಸ್ ಗ್ರಂಥಿ ಕುಗ್ಗುವುದು ಮತ್ತು ಜಠರದಲ್ಲಿ ಹುಣ್ಣಾಗುವುದು ಅವನು ಕಂಡ ಲಕ್ಷಣಗಳು. ಎಚ್ಚರಿಕೆ, ಪ್ರತಿರೋಧ ಮತ್ತು ಬಳಲಿಕೆ ಎಂಬ ಮೂರು ಹಂತಗಳನ್ನು ಗುರುತಿಸಿದ ಸೆಲ್ಯೆಯಿಂದಲೇ ಒತ್ತಡ ಎಂಬ ಮಾತು ಜೀವವಿಜ್ಞಾನದಲ್ಲಿ ನೆಲೆಯೂರಿತು. ಅಡ್ರಿನಲ್ ಹೊರಪದರದ ಹಾರ್ಮೋನುಗಳ ರಚನೆ ಮತ್ತು ಪರಿಣಾಮಗಳನ್ನು ಕುರಿತ ಸಂಶೋಧನೆಗಾಗಿ ಎಡ್ವರ್ಡ್ ಕೆಂಡಾಲ್, ಟಾಡಿಯಸ್ ರೈಖ್‌ಸ್ಟೈನ್ ಮತ್ತು ಫಿಲಿಪ್ ಹೆಂಚ್ ಅವರಿಗೆ 1950ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಹಾರ್ಮೋನುಗಳು ಮಿದುಳಿನ ಮೇಲೆ ನೇರವಾಗಿ ಕೆಲಸ ಮಾಡುತ್ತವೆ ಎಂಬುದಕ್ಕೆ ಬಲವಾದ ಆಧಾರ ಸಿಕ್ಕಿದ್ದು 1968ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಬ್ರೂಸ್ ಮೆಕ್‌ಎವೆನ್ ಮತ್ತು ಸಂಗಡಿಗರು ಅಡ್ರಿನಲ್ ಗ್ರಂಥಿಗಳನ್ನು ತೆಗೆದ ಇಲಿಗಳಿಗೆ ವಿಕಿರಣಶೀಲ ಕಾರ್ಟಿಕೊಸ್ಟೆರಾನ್ ಚುಚ್ಚಿದರು. ಇಲಿಗಳಲ್ಲಿ ಮನುಷ್ಯರ ಕಾರ್ಟಿಸಾಲ್‌ನ ಕೆಲಸವನ್ನು ಮಾಡುವುದು ಇದೇ ಹಾರ್ಮೋನು. ಮಿದುಳಿನಲ್ಲಿ ಅದನ್ನು ಅತಿ ಹೆಚ್ಚಾಗಿ ಹಿಡಿದಿಟ್ಟುಕೊಂಡ ಭಾಗ ಹಿಪೊಕ್ಯಾಂಪಸ್ ಆಗಿತ್ತು. ನೆನಪಿಗೆ ಸಂಬಂಧಿಸಿದ ಭಾಗವೊಂದರಲ್ಲಿ ಒತ್ತಡದ ಹಾರ್ಮೋನಿನ ಗ್ರಾಹಕಗಳು ಇರುವುದು ಅನಿರೀಕ್ಷಿತವಾಗಿತ್ತು.

1981ರಲ್ಲಿ ಅಮೆರಿಕದ ಸಾಕ್ ಸಂಸ್ಥೆಯ ವೈಲಿ ವೇಲ್ ಅವರ ತಂಡ ಕುರಿಗಳ ಮಿದುಳಿನಿಂದ ಸಿಆರ್‌ಎಚ್ ಎಂಬ ಹಾರ್ಮೋನನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿತು. 1985ರಲ್ಲಿ ನೆದರ್ಲೆಂಡ್ಸಿನ ಹ್ಯಾನ್ಸ್ ರೋಯಲ್ ಮತ್ತು ರಾನ್ ಡಿ ಕ್ಲೂಟ್ ಅವರು ಇಲಿಯ ಮಿದುಳಿನಲ್ಲಿ ಕಾರ್ಟಿಕೊಸ್ಟೆರಾನನ್ನು ಹಿಡಿಯುವ ಎರಡು ಬಗೆಯ ಗ್ರಾಹಕಗಳಿವೆ ಎಂದು ತೋರಿಸಿದರು. ಅದೇ ಹೊತ್ತಿಗೆ ರೊನಾಲ್ಡ್ ಎವನ್ಸ್ ಅವರ ಪ್ರಯೋಗಾಲಯ ಈ ಗ್ರಾಹಕಗಳ ಮಾನವ ವಂಶವಾಹಿಗಳ ಅನುಕ್ರಮವನ್ನು, ಒಂದನ್ನು 1985ರಲ್ಲಿ ಮತ್ತು ಇನ್ನೊಂದನ್ನು 1987ರಲ್ಲಿ, ಪ್ರಕಟಿಸಿತು.

## ಹಾರ್ಮೋನುಗಳು ಬಿಡುಗಡೆಯಾಗುವ ಬಗೆ

ಅಪಾಯದ ಅರಿವಾದ ಕೂಡಲೇ ದೇಹದಲ್ಲಿ ಎರಡು ವ್ಯವಸ್ಥೆಗಳು ಎಚ್ಚರಗೊಳ್ಳುತ್ತವೆ. ಒಂದು ಕ್ಷಣಗಳಲ್ಲಿ, ಇನ್ನೊಂದು ನಿಮಿಷಗಳಲ್ಲಿ ಕೆಲಸ ಮಾಡುತ್ತದೆ.

ಮೊದಲನೆಯದು ಅನುವೇದನಾ ನರವ್ಯೂಹ. ಇದರ ನರಗಳು ಅಡ್ರಿನಲ್ ಗ್ರಂಥಿಯ ತಿರುಳನ್ನು ಪ್ರಚೋದಿಸಿ ಅಡ್ರಿನಾಲಿನ್ ಹೊರಬರುವಂತೆ ಮಾಡುತ್ತವೆ. ಎದೆಬಡಿತ ಏರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಯಕೃತ್ತು ಸಂಗ್ರಹಿಸಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿರುವ ಅಡ್ರಿನಾಲಿನ್ ಮಿದುಳಿನೊಳಕ್ಕೆ ಸುಲಭವಾಗಿ ಪ್ರವೇಶಿಸಲಾರದು. ಅದು ಮಿದುಳನ್ನು ತಲುಪುವುದು ಬಳಸುದಾರಿಯಿಂದ. ದೇಹದ ಸ್ಥಿತಿಯನ್ನು ಮಿದುಳಿಗೆ ತಿಳಿಸುವ ವೇಗಸ್ ನರದ ಮೂಲಕ ಸಂಕೇತ ಮಿದುಳಕಾಂಡಕ್ಕೆ ಹೋಗುತ್ತದೆ. ಅಲ್ಲಿನ ಲೋಕಸ್ ಸೆರುಲಿಯಸ್ ಎಂಬ ಪುಟ್ಟ ನರಕೋಶಗಳ ಗುಂಪು ಮಿದುಳಿನ ತುಂಬ ನಾರ್‌ಅಡ್ರಿನಾಲಿನ್ ಹರಡುತ್ತದೆ.

ಎರಡನೆಯದು ಹೈಪೋಥಲಾಮಸ್, ಪಿಟ್ಯುಟರಿ ಮತ್ತು ಅಡ್ರಿನಲ್‌ಗಳ ಸರಪಣಿ. ಹೈಪೋಥಲಾಮಸ್‌ನಲ್ಲಿರುವ ನರಕೋಶಗಳು 41 ಅಮೈನೊ ಆಮ್ಲಗಳಿಂದಾದ ಸಿಆರ್‌ಎಚ್ ಅನ್ನು ಸ್ರವಿಸುತ್ತವೆ. ಅದು ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ತಲುಪಿ, 39 ಅಮೈನೊ ಆಮ್ಲಗಳಿಂದಾದ ಎಸಿಟಿಎಚ್ ಎಂಬ ಹಾರ್ಮೋನನ್ನು ಹೊರಡಿಸುತ್ತದೆ. ಎಸಿಟಿಎಚ್ ರಕ್ತದಲ್ಲಿ ಹರಿದು ಅಡ್ರಿನಲ್ ಹೊರಪದರವನ್ನು ಸೇರಿದಾಗ ಅಲ್ಲಿ ಕೊಲೆಸ್ಟೆರಾಲಿನಿಂದ ಕಾರ್ಟಿಸಾಲ್ ತಯಾರಾಗುತ್ತದೆ. ಕಾರ್ಟಿಸಾಲ್ ಕೊಬ್ಬಿನಲ್ಲಿ ಕರಗುವ ಸ್ಟೀರಾಯ್ಡ್ ಆಗಿರುವುದರಿಂದ ಅದು ಮಿದುಳಿನೊಳಕ್ಕೆ ಹೋಗಬಲ್ಲದು.

ಈ ಸರಪಣಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ಏರ್ಪಾಟು ಹೊಂದಿದೆ. ಏರಿದ ಕಾರ್ಟಿಸಾಲ್ ಪಿಟ್ಯುಟರಿ ಮತ್ತು ಹೈಪೋಥಲಾಮಸ್‌ಗಳಲ್ಲಿರುವ ಗ್ರಾಹಕಗಳಿಗೆ ಅಂಟಿ, ಸಿಆರ್‌ಎಚ್ ಮತ್ತು ಎಸಿಟಿಎಚ್‌ಗಳ ಸ್ರಾವವನ್ನು ತಗ್ಗಿಸುತ್ತದೆ. ಇದನ್ನು ಋಣಾತ್ಮಕ ಹಿಮ್ಮಾಹಿತಿ ಎನ್ನುತ್ತಾರೆ. ಆರೋಗ್ಯವಂತರಲ್ಲಿ ಒತ್ತಡದ ಕಾರಣ ದೂರವಾದ ಮೇಲೆ ಕಾರ್ಟಿಸಾಲ್ ಮಟ್ಟ ಒಂದೆರಡು ಗಂಟೆಗಳಲ್ಲಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಹೀಗಾಗಿ ಆರೋಗ್ಯಕರ ಒತ್ತಡ ಪ್ರತಿಕ್ರಿಯೆಯಲ್ಲಿ ಬೇಗ ಏರುವುದರಷ್ಟೇ ಬೇಗ ಇಳಿಯುವುದೂ ಮುಖ್ಯ.

## ದಿನದ ಲಯ

ಒತ್ತಡವಿಲ್ಲದ ದಿನದಲ್ಲಿಯೂ ಕಾರ್ಟಿಸಾಲ್ ಸ್ರವಿಸುತ್ತಲೇ ಇರುತ್ತದೆ. ಹಗಲು ದುಡಿದು ರಾತ್ರಿ ಮಲಗುವವರಲ್ಲಿ ಅದರ ಮಟ್ಟ ಬೆಳಗಿನ ಜಾವದಿಂದ ಏರುತ್ತಾ ಹೋಗಿ ಎಚ್ಚರಾಗುವ ಹೊತ್ತಿಗೆ ಗರಿಷ್ಠದ ಸಮೀಪದಲ್ಲಿರುತ್ತದೆ. ಎದ್ದ ನಂತರದ 30ರಿಂದ 45 ನಿಮಿಷಗಳಲ್ಲಿ ಅನೇಕರಲ್ಲಿ ಮತ್ತೊಂದು ಏರಿಕೆ ಕಾಣುತ್ತದೆ. ಬಳಿಕ ಇಳಿಯುತ್ತಾ ಬಂದು ನಡುರಾತ್ರಿಯ ಆಸುಪಾಸಿನಲ್ಲಿ ಕನಿಷ್ಠಕ್ಕೆ ಮುಟ್ಟುತ್ತದೆ. ಈ ದೊಡ್ಡ ಅಲೆಯೊಳಗೆ ಸುಮಾರು ಗಂಟೆಗೊಮ್ಮೆ ಬರುವ ಚಿಕ್ಕ ಮಿಡಿತಗಳೂ ಇವೆ.

ಈ ಲಯವನ್ನು ನಡೆಸುವುದು ಹೈಪೋಥಲಾಮಸ್‌ನ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ಮುಖ್ಯ ಜೈವಿಕ ಗಡಿಯಾರ. ವಯಸ್ಕ ಪ್ರಾಣಿಗಳ ಈ ಗಡಿಯಾರದಲ್ಲಿ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕಗಳು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಒತ್ತಡದಿಂದ ಹಾರ್ಮೋನು ಏರಿದರೂ ಮುಖ್ಯ ಗಡಿಯಾರ ಅದರಿಂದ ಹಿಂದುಮುಂದಾಗುವುದಿಲ್ಲ. ಯಕೃತ್ತು ಮುಂತಾದ ಅಂಗಗಳ ಸ್ಥಳೀಯ ಗಡಿಯಾರಗಳು ಮಾತ್ರ ಕಾರ್ಟಿಸಾಲನ್ನು ಸಮಯದ ಸಂಕೇತವಾಗಿ ಬಳಸಿಕೊಳ್ಳುತ್ತವೆ.

ಈ ಲಯದ ಕಾರಣದಿಂದ ಕಾರ್ಟಿಸಾಲ್ ಪರೀಕ್ಷೆಯ ಫಲಿತಾಂಶಕ್ಕೆ ಅರ್ಥ ಬರುವುದು ರಕ್ತ ಅಥವಾ ಜೊಲ್ಲು ತೆಗೆದ ವೇಳೆ ಗೊತ್ತಿದ್ದಾಗ ಮಾತ್ರ. ಬೆಳಿಗ್ಗೆ 8 ಗಂಟೆಗೆ ಸಹಜವೆನಿಸುವ ಮಟ್ಟ ನಡುರಾತ್ರಿಯಲ್ಲಿ ಕಂಡರೆ ರೋಗದ ಲಕ್ಷಣವಾಗಬಹುದು.

## ಗ್ರಾಹಕಗಳು

### ಎರಡು ಬಗೆಗಳು

ಕಾರ್ಟಿಸಾಲ್ ಮಿದುಳಿನಲ್ಲಿ ಮಿನರಲೊಕಾರ್ಟಿಕಾಯ್ಡ್ ಗ್ರಾಹಕ ಮತ್ತು ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕ ಎಂಬ ಎರಡು ಬಗೆಯ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತದೆ. ಮಾನವನಲ್ಲಿ ಮೊದಲನೆಯದರ ವಂಶವಾಹಿ 4ನೆಯ ವರ್ಣತಂತುವಿನಲ್ಲಿಯೂ ಎರಡನೆಯದರ ವಂಶವಾಹಿ 5ನೆಯ ವರ್ಣತಂತುವಿನಲ್ಲಿಯೂ ಇದೆ.

ಮಿನರಲೊಕಾರ್ಟಿಕಾಯ್ಡ್ ಗ್ರಾಹಕವು ಹಾರ್ಮೋನನ್ನು ಇನ್ನೊಂದಕ್ಕಿಂತ ಸುಮಾರು 10 ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಹೀಗಾಗಿ ಒತ್ತಡವಿಲ್ಲದ ಸ್ಥಿತಿಯಲ್ಲಿಯೂ ಈ ಗ್ರಾಹಕಗಳಲ್ಲಿ ಬಹುಪಾಲು ತುಂಬಿಕೊಂಡಿರುತ್ತವೆ. ಇವು ಹಿಪೊಕ್ಯಾಂಪಸ್‌ನಲ್ಲಿ ಹೇರಳವಾಗಿದ್ದು, ಮಿದುಳಿನ ಇನ್ನು ಕೆಲವೇ ಭಾಗಗಳಲ್ಲಿ ಗಣನೀಯವಾಗಿ ಕಂಡುಬರುತ್ತವೆ. ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕಗಳಾದರೋ ಮಿದುಳಿನ ಬಹುತೇಕ ಎಲ್ಲ ಕಡೆ, ನರಕೋಶಗಳಲ್ಲಿಯೂ ಅವುಗಳಿಗೆ ಆಸರೆಯಾದ ಗ್ಲಯಾ ಕೋಶಗಳಲ್ಲಿಯೂ ಇವೆ. ಹಿಡಿತ ಸಡಿಲವಾದುದರಿಂದ ಇವು ತುಂಬಿಕೊಳ್ಳುವುದು ದಿನದ ಗರಿಷ್ಠ ಮಟ್ಟದಲ್ಲಿ ಮತ್ತು ಒತ್ತಡದ ಸಮಯದಲ್ಲಿ.

ಇವುಗಳ ಕೆಲಸವೂ ಭಿನ್ನವಾಗಿದೆ. ಸನ್ನಿವೇಶವನ್ನು ಅಳೆಯುವುದು, ಒತ್ತಡ ಪ್ರತಿಕ್ರಿಯೆ ಆರಂಭವಾಗುವ ಮಿತಿಯನ್ನು ಕಾಯುವುದು ಮತ್ತು ನರಕೋಶಗಳ ಉಳಿವು ಮೊದಲ ಬಗೆಯ ಗ್ರಾಹಕಗಳಿಗೆ ಸಂಬಂಧಿಸಿವೆ. ಪ್ರತಿಕ್ರಿಯೆಯನ್ನು ಮುಗಿಸುವುದು, ದೇಹದ ಶಕ್ತಿಯನ್ನು ಮರುಹಂಚುವುದು ಮತ್ತು ಘಟನೆಯನ್ನು ನೆನಪಿನಲ್ಲಿ ದಾಖಲಿಸುವುದು ಎರಡನೆಯ ಬಗೆಯ ಗ್ರಾಹಕಗಳಿಗೆ ಸಂಬಂಧಿಸಿವೆ. ಇವೆರಡರ ನಡುವಿನ ಸಮತೋಲನ ತಪ್ಪಿದಾಗ ವ್ಯಕ್ತಿ ಒತ್ತಡಕ್ಕೆ ಸುಲಭವಾಗಿ ತುತ್ತಾಗುತ್ತಾನೆ ಎಂಬುದು ಡಿ ಕ್ಲೂಟ್ ಮಂಡಿಸಿದ ಸಿದ್ಧಾಂತ.

ಮಿನರಲೊಕಾರ್ಟಿಕಾಯ್ಡ್ ಗ್ರಾಹಕವೇ ಮೂತ್ರಪಿಂಡದಲ್ಲಿ ಆಲ್ಡೊಸ್ಟೆರಾನ್ ಎಂಬ ಉಪ್ಪಿನಂಶ ಕಾಪಾಡುವ ಹಾರ್ಮೋನಿಗೆ ಸ್ಪಂದಿಸುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಪ್ರಮಾಣ ಆಲ್ಡೊಸ್ಟೆರಾನ್‌ಗಿಂತ ನೂರಾರು ಪಟ್ಟು ಹೆಚ್ಚು. ಆದರೂ ಮೂತ್ರಪಿಂಡದಲ್ಲಿ ಆಲ್ಡೊಸ್ಟೆರಾನ್‌ಗೆ ಅವಕಾಶ ಸಿಗುವುದು ಅಲ್ಲಿನ ಕಿಣ್ವವೊಂದು ಕಾರ್ಟಿಸಾಲನ್ನು ನಿಷ್ಕ್ರಿಯ ಕಾರ್ಟಿಸೋನ್ ಆಗಿ ಬದಲಿಸುವುದರಿಂದ. ಹಿಪೊಕ್ಯಾಂಪಸ್‌ನ ಪ್ರೌಢ ನರಕೋಶಗಳಲ್ಲಿ ಈ ಕಿಣ್ವದ ರಕ್ಷಣೆ ಇಲ್ಲ. ಆದ್ದರಿಂದ ಅದೇ ಗ್ರಾಹಕ ಅಲ್ಲಿ ಕಾರ್ಟಿಸಾಲ್‌ನ ಗ್ರಾಹಕವಾಗಿ ವರ್ತಿಸುತ್ತದೆ.

### ಕೆಲಸ ಮಾಡುವ ಕ್ರಮ

ಹಾರ್ಮೋನು ಇಲ್ಲದಿರುವಾಗ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕವು ಜೀವಕೋಶದ ದ್ರವದಲ್ಲಿ ಎಚ್‌ಎಸ್‌ಪಿ90 ಮುಂತಾದ ಸಹಾಯಕ ಪ್ರೋಟೀನುಗಳ ಜೊತೆ ಕೂಡಿಕೊಂಡಿರುತ್ತದೆ. ಕಾರ್ಟಿಸಾಲ್ ಅಂಟಿಕೊಂಡೊಡನೆ ಗ್ರಾಹಕದ ಆಕಾರ ಬದಲಾಗಿ, ಅದು ಕೋಶಕೇಂದ್ರದೊಳಕ್ಕೆ ಸಾಗುತ್ತದೆ. ಅಲ್ಲಿ ಡಿಎನ್‌ಎಯ ನಿರ್ದಿಷ್ಟ ತಾಣಗಳಿಗೆ ಅಂಟಿಕೊಂಡು ಕೆಲವು ವಂಶವಾಹಿಗಳ ಚಟುವಟಿಕೆಯನ್ನು ಹೆಚ್ಚಿಸುತ್ತದೆ, ಕೆಲವನ್ನು ತಗ್ಗಿಸುತ್ತದೆ. ಹೊಸ ಪ್ರೋಟೀನುಗಳು ತಯಾರಾಗಬೇಕಾದುದರಿಂದ ಈ ಪರಿಣಾಮ ಕಾಣಿಸಿಕೊಳ್ಳಲು ಸಾಕಷ್ಟು ಹೊತ್ತು ಬೇಕು, ಆದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಳಿಯುತ್ತದೆ.

ಹೀಗೆ ಚುರುಕಾಗುವ ವಂಶವಾಹಿಗಳಲ್ಲಿ ಎಫ್‌ಕೆಬಿಪಿ5 ಒಂದು. ಇದರಿಂದ ತಯಾರಾಗುವ ಪ್ರೋಟೀನು ಗ್ರಾಹಕಕ್ಕೆ ಸೇರಿಕೊಂಡು ಅದರ ಹಿಡಿತವನ್ನು ಸಡಿಲಗೊಳಿಸುತ್ತದೆ. ಅಂದರೆ ಗ್ರಾಹಕವು ತನ್ನ ಚಟುವಟಿಕೆಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ.

ಕೆಲವು ಪರಿಣಾಮಗಳು ನಿಮಿಷಗಳಲ್ಲಿಯೇ ಕಾಣಿಸಿಕೊಳ್ಳುತ್ತವೆ. ಇವು ವಂಶವಾಹಿಗಳ ಮೂಲಕ ಆಗುವಂಥವಲ್ಲ. ಕೋಶದ ಪೊರೆಯ ಬಳಿಯಿರುವ ಗ್ರಾಹಕಗಳು ನರಕೋಶಗಳ ನಡುವಿನ ಸಂಕೇತಗಳನ್ನು ನೇರವಾಗಿ ಮಾರ್ಪಡಿಸುತ್ತವೆ. ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಕಾರ್ಟಿಕೊಸ್ಟೆರಾನ್ ಗ್ಲುಟಮೇಟ್ ಬಿಡುಗಡೆಯನ್ನು ಶೀಘ್ರವಾಗಿ ಹೆಚ್ಚಿಸುವುದೂ, ಹೈಪೋಥಲಾಮಸ್‌ನಲ್ಲಿ ಅದನ್ನು ಶೀಘ್ರವಾಗಿ ತಗ್ಗಿಸುವುದೂ ಕಂಡುಬಂದಿದೆ.

## ಮಿದುಳಿನ ಭಾಗಗಳ ಮೇಲಿನ ಪರಿಣಾಮ

### ಹಿಪೊಕ್ಯಾಂಪಸ್

ಕಡಲಕುದುರೆಯ ಆಕಾರದಿಂದಾಗಿ ಈ ಹೆಸರು ಪಡೆದ ಹಿಪೊಕ್ಯಾಂಪಸ್ ಹೊಸ ಘಟನೆಗಳನ್ನೂ ಸ್ಥಳಗಳನ್ನೂ ನೆನಪಿಡಲು ಅಗತ್ಯವಾದ ಭಾಗ. ಇಲಿಗಳನ್ನು ಮೂರು ವಾರಗಳ ಕಾಲ ದಿನವೂ ಒತ್ತಡಕ್ಕೆ ಒಳಪಡಿಸಿದಾಗ, ಅಥವಾ ಅಷ್ಟೇ ಕಾಲ ಕಾರ್ಟಿಕೊಸ್ಟೆರಾನ್ ನೀಡಿದಾಗ, ಇದರ ಸಿಎ3 ಎಂಬ ವಲಯದ ನರಕೋಶಗಳ ಕವಲುಗಳು ಮೊಟಕಾಗುವುದನ್ನು ಮೆಕ್‌ಎವೆನ್ ಅವರ ಪ್ರಯೋಗಾಲಯ 1990ರ ದಶಕದ ಆರಂಭದಲ್ಲಿ ತೋರಿಸಿತು. ಇತರ ನರಕೋಶಗಳಿಂದ ಸಂಕೇತಗಳನ್ನು ಪಡೆಯುವ ಈ ಕವಲುಗಳಿಗೆ ಡೆಂಡ್ರೈಟ್ ಎಂದು ಹೆಸರು. ಮೊಟಕಾದರೂ ನರಕೋಶಗಳು ಸಾಯುವುದಿಲ್ಲ. ಒತ್ತಡ ನಿಂತ ಮೇಲೆ ಕವಲುಗಳು ಮತ್ತೆ ಬೆಳೆಯುತ್ತವೆ.

ಹಾರ್ಮೋನು ಇಲ್ಲವಾದರೆ ಇನ್ನೊಂದು ಬಗೆಯ ಹಾನಿಯಾಗುತ್ತದೆ. ಅಡ್ರಿನಲ್ ಗ್ರಂಥಿಗಳನ್ನು ತೆಗೆದ ಇಲಿಗಳಲ್ಲಿ ಕೆಲವು ತಿಂಗಳುಗಳ ಬಳಿಕ ಹಿಪೊಕ್ಯಾಂಪಸ್‌ನ ಡೆಂಟೇಟ್ ಗೈರಸ್ ಎಂಬ ಭಾಗದ ನರಕೋಶಗಳು ಭಾರಿ ಪ್ರಮಾಣದಲ್ಲಿ ಸತ್ತಿದ್ದುದು 1989ರಲ್ಲಿ ವರದಿಯಾಯಿತು. ಅಲ್ಪ ಪ್ರಮಾಣದಲ್ಲಿ ಕಾರ್ಟಿಕೊಸ್ಟೆರಾನ್ ಕೊಟ್ಟರೆ ಈ ಸಾವನ್ನು ತಡೆಯಬಹುದು.

### ಅಮಿಗ್ಡಲಾ

ಬಾದಾಮಿ ಆಕಾರದ ಅಮಿಗ್ಡಲಾ ಭಯವನ್ನು ಗುರುತಿಸುವ ಮತ್ತು ಭಯದ ನೆನಪನ್ನು ಉಳಿಸುವ ಕೇಂದ್ರ. ದೀರ್ಘ ಒತ್ತಡ ಇಲ್ಲಿಯೂ ನರಕೋಶಗಳನ್ನು ಕುಗ್ಗಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಬೆಂಗಳೂರಿನಲ್ಲಿ. ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ ಅವರ ತಂಡ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಅವರ ಸಹಯೋಗದಲ್ಲಿ, ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿ ಅವುಗಳ ಮಿದುಳನ್ನು ಪರೀಕ್ಷಿಸಿತು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಿಪೊಕ್ಯಾಂಪಸ್‌ನ ಸಿಎ3 ನರಕೋಶಗಳ ಕವಲುಗಳು ಮೊಟಕಾದರೆ, ಅದೇ ಇಲಿಗಳ ಅಮಿಗ್ಡಲಾದ ನರಕೋಶಗಳ ಕವಲುಗಳು ಇನ್ನಷ್ಟು ಹರಡಿಕೊಂಡಿದ್ದವು. ಒಂದೇ ಒತ್ತಡ ಮಿದುಳಿನ ಎರಡು ಭಾಗಗಳಲ್ಲಿ ತದ್ವಿರುದ್ಧ ಪರಿಣಾಮ ಬೀರಿತ್ತು.

ಇದೇ ತಂಡದ ಮುಂದಿನ ಅಧ್ಯಯನಗಳು ಇನ್ನೂ ಎರಡು ಸಂಗತಿಗಳನ್ನು ತಿಳಿಸಿದವು. ಒತ್ತಡ ನಿಲ್ಲಿಸಿದ 21 ದಿನಗಳ ನಂತರ ಹಿಪೊಕ್ಯಾಂಪಸ್ ಚೇತರಿಸಿಕೊಂಡರೂ ಅಮಿಗ್ಡಲಾದ ಬೆಳವಣಿಗೆ ಮತ್ತು ಇಲಿಗಳ ಆತಂಕದ ವರ್ತನೆ ಹಾಗೆಯೇ ಉಳಿದಿದ್ದವು. ಅಲ್ಲದೆ, ಒಂದೇ ಒಂದು ಬಾರಿಯ 2 ಗಂಟೆಗಳ ಒತ್ತಡದ ಪರಿಣಾಮ ಮರುದಿನ ಕಾಣಿಸದೆ, 10 ದಿನಗಳ ಬಳಿಕ ಅಮಿಗ್ಡಲಾದಲ್ಲಿ ಹೊಸ ಸಂಪರ್ಕತಾಣಗಳ ರೂಪದಲ್ಲಿ ಪ್ರಕಟವಾಯಿತು. ಆಘಾತಕಾರಿ ಘಟನೆ ನಡೆದು ಕೆಲಕಾಲ ಕಳೆದ ಮೇಲೆ ಆತಂಕ ತಲೆದೋರುವುದನ್ನು ಅರಿಯಲು ಈ ಮಾದರಿ ನೆರವಾಗಿದೆ.

### ಪ್ರಿಫ್ರಂಟಲ್ ಕಾರ್ಟೆಕ್ಸ್

ಹಣೆಯ ಹಿಂಬದಿಯಲ್ಲಿರುವ ಈ ಭಾಗ ಯೋಜನೆ, ಸಂಯಮ, ಗಮನ ಮತ್ತು ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಯೋಚಿಸುವ ಸಾಮರ್ಥ್ಯಕ್ಕೆ ಆಧಾರ. ಇಲ್ಲಿ ನಾರ್‌ಅಡ್ರಿನಾಲಿನ್‌ನ ಪಾತ್ರ ದೊಡ್ಡದು. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಅವರ ಸಂಶೋಧನೆಯಂತೆ, ಮಿತ ಪ್ರಮಾಣದ ನಾರ್‌ಅಡ್ರಿನಾಲಿನ್ ಆಲ್ಫಾ-2ಎ ಎಂಬ ಗ್ರಾಹಕಗಳ ಮೂಲಕ ಈ ಭಾಗದ ಕೆಲಸವನ್ನು ಉತ್ತಮಗೊಳಿಸುತ್ತದೆ. ಪ್ರಮಾಣ ಅತಿಯಾದಾಗ ಹಿಡಿತ ಸಡಿಲವಾದ ಆಲ್ಫಾ-1 ಗ್ರಾಹಕಗಳೂ ಚುರುಕಾಗಿ ಅದೇ ಕೆಲಸವನ್ನು ಕೆಡಿಸುತ್ತವೆ. ಆಗ ವರ್ತನೆಯ ಹತೋಟಿ ವಿವೇಚನೆಯ ಭಾಗದಿಂದ ಅಮಿಗ್ಡಲಾದಂಥ ಭಾಗಗಳತ್ತ ವಾಲುತ್ತದೆ. ಕಾರ್ಟಿಸಾಲ್‌ನಂತೆ ಇಲ್ಲಿಯೂ ಒಂದೇ ರಾಸಾಯನಿಕದ ಪರಿಣಾಮವನ್ನು ತೀರ್ಮಾನಿಸುವುದು ಅದು ತಲುಪಿದ ಗ್ರಾಹಕ.

ಮಹತ್ವದ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸುಮಾರು ಒಂದು ತಿಂಗಳ ಒತ್ತಡದ ನಂತರ ಗಮನವನ್ನು ಒಂದು ವಿಷಯದಿಂದ ಇನ್ನೊಂದಕ್ಕೆ ಹೊರಳಿಸುವ ಅವರ ಸಾಮರ್ಥ್ಯ ಕುಗ್ಗಿತ್ತು. ಪರೀಕ್ಷೆ ಮುಗಿದು ಒಂದು ತಿಂಗಳ ವಿರಾಮ ಸಿಕ್ಕ ಮೇಲೆ ಅದು ಸಹಜ ಸ್ಥಿತಿಗೆ ಮರಳಿತು.

## ಕಲಿಕೆ ಮತ್ತು ನೆನಪು

ಒತ್ತಡ ನೆನಪನ್ನು ಹೆಚ್ಚಿಸುತ್ತದೆಯೇ ಕುಗ್ಗಿಸುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಭಾವನೆಯನ್ನು ಕಲಕಿದ ಘಟನೆ ಸಾಮಾನ್ಯ ಘಟನೆಗಿಂತ ಗಾಢವಾಗಿ ನೆನಪಿನಲ್ಲಿ ಉಳಿಯುತ್ತದೆ. ಅಡ್ರಿನಾಲಿನ್ ಮತ್ತು ಕಾರ್ಟಿಸಾಲ್ ಎರಡೂ ಅಮಿಗ್ಡಲಾದ ಮೂಲಕ ಹಿಪೊಕ್ಯಾಂಪಸ್‌ನ ಮೇಲೆ ಪ್ರಭಾವ ಬೀರುವುದು ಇದಕ್ಕೆ ಕಾರಣವೆಂದು ಜೇಮ್ಸ್ ಮೆಕ್‌ಗಾ ಮತ್ತು ಸಹೋದ್ಯೋಗಿಗಳು ತೋರಿಸಿದ್ದಾರೆ. ಅಡ್ರಿನಾಲಿನ್ ಗ್ರಾಹಕಗಳನ್ನು ತಡೆಯುವ ಪ್ರೊಪ್ರನೊಲಾಲ್ ಎಂಬ ಔಷಧಿಯನ್ನು ಮೊದಲೇ ನೀಡಿದರೆ, ಭಾವುಕ ಕಥೆಯೊಂದು ಸಾಮಾನ್ಯ ಕಥೆಗಿಂತ ಹೆಚ್ಚು ನೆನಪಿನಲ್ಲಿ ಉಳಿಯುವ ಲಾಭ ಇಲ್ಲವಾಗುತ್ತದೆ ಎಂದು 1994ರ ಪ್ರಯೋಗದಲ್ಲಿ ಕಂಡುಬಂತು.

ಆದರೆ ಈಗಾಗಲೇ ಕಲಿತದ್ದನ್ನು ನೆನಪಿಗೆ ತಂದುಕೊಳ್ಳುವಾಗ ಕಾರ್ಟಿಸಾಲ್ ಏರಿದರೆ ಅದು ಅಡ್ಡಿಯಾಗುತ್ತದೆ. ಚೆನ್ನಾಗಿ ಓದಿಕೊಂಡ ವಿದ್ಯಾರ್ಥಿಗೆ ಪರೀಕ್ಷಾ ಕೊಠಡಿಯಲ್ಲಿ ಉತ್ತರ ತೋಚದೆ, ಹೊರಬಂದ ಮೇಲೆ ನೆನಪಾಗುವುದಕ್ಕೆ ಇದು ಒಂದು ವಿವರಣೆ. ಅಲ್ಲಿ ನಷ್ಟವಾಗಿರುವುದು ಕಲಿಕೆಯಲ್ಲ, ಆ ಹೊತ್ತಿಗೆ ಅದನ್ನು ಹೊರತೆಗೆಯುವ ದಾರಿ ಮಾತ್ರ. ಕಾರ್ಟಿಸಾಲ್ ಪ್ರಮಾಣ ಮತ್ತು ನೆನಪಿನ ಸಂಬಂಧವನ್ನು ನಕ್ಷೆಯಲ್ಲಿ ಬರೆದರೆ ಅನೇಕ ಪ್ರಯೋಗಗಳಲ್ಲಿ ಗುಡ್ಡದ ಆಕಾರ ಬರುತ್ತದೆ. ತೀರಾ ಕಡಿಮೆಯಾದರೂ ತೀರಾ ಹೆಚ್ಚಾದರೂ ನೆನಪು ಕುಂದುತ್ತದೆ, ನಡುವೆ ಅದು ಉತ್ತಮವಾಗಿರುತ್ತದೆ.

## ಬಾಲ್ಯದ ಅನುಭವ ಮತ್ತು ಗ್ರಾಹಕಗಳು

ಗ್ರಾಹಕಗಳ ಸಂಖ್ಯೆ ಹುಟ್ಟಿನಿಂದಲೇ ಶಾಶ್ವತವಾಗಿ ನಿಗದಿಯಾಗಿರುವುದಿಲ್ಲ. ಮರಿಗಳನ್ನು ಹೆಚ್ಚಾಗಿ ನೆಕ್ಕಿ ಆರೈಕೆ ಮಾಡುವ ತಾಯಿ ಇಲಿಗಳ ಮರಿಗಳು ಬೆಳೆದಾಗ ಅವುಗಳ ಹಿಪೊಕ್ಯಾಂಪಸ್‌ನಲ್ಲಿ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕಗಳು ಹೆಚ್ಚಿರುತ್ತವೆ, ಒತ್ತಡದ ನಂತರ ಹಾರ್ಮೋನು ಬೇಗ ಇಳಿಯುತ್ತದೆ ಎಂದು ಮಾಂಟ್ರಿಯಲ್‌ನ ಮೈಕೆಲ್ ಮೀನಿ ಅವರ ತಂಡ ತೋರಿಸಿತು. ಕಡಿಮೆ ಆರೈಕೆ ಪಡೆದ ಮರಿಗಳಲ್ಲಿ ಈ ಗ್ರಾಹಕದ ವಂಶವಾಹಿಯನ್ನು ಚುರುಕುಗೊಳಿಸುವ ಡಿಎನ್‌ಎ ಭಾಗಕ್ಕೆ ಮೀಥೈಲ್ ಎಂಬ ರಾಸಾಯನಿಕ ಗುಂಪು ಹೆಚ್ಚಾಗಿ ಅಂಟಿಕೊಂಡಿತ್ತು ಎಂದು 2004ರಲ್ಲಿ ವರದಿಯಾಯಿತು. ಒಬ್ಬ ತಾಯಿಯ ಮರಿಗಳನ್ನು ಇನ್ನೊಂದು ತಾಯಿಯ ಬಳಿ ಬೆಳೆಸಿದಾಗ ಮರಿಗಳು ಸಾಕಿದ ತಾಯಿಯ ಆರೈಕೆಗೆ ತಕ್ಕಂತೆ ಬೆಳೆದವು. ಇದರಿಂದ, ವ್ಯತ್ಯಾಸಕ್ಕೆ ಕಾರಣ ಆನುವಂಶಿಕತೆಗಿಂತ ಆರೈಕೆ ಎಂಬುದು ಸ್ಪಷ್ಟವಾಯಿತು.

ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗಿ ಮುಂದೆ ಆತ್ಮಹತ್ಯೆಯಿಂದ ಮೃತಪಟ್ಟವರ ಮಿದುಳಿನಲ್ಲಿಯೂ ಇದನ್ನು ಹೋಲುವ ಗುರುತುಗಳು 2009ರ ಅಧ್ಯಯನವೊಂದರಲ್ಲಿ ಕಂಡುಬಂದವು. ಎಫ್‌ಕೆಬಿಪಿ5 ವಂಶವಾಹಿಯ ಕೆಲವು ರೂಪಗಳನ್ನು ಹೊಂದಿದವರಲ್ಲಿ, ಬಾಲ್ಯದ ದೌರ್ಜನ್ಯದ ಹಿನ್ನೆಲೆಯೂ ಇದ್ದಾಗ, ಆಘಾತೋತ್ತರ ಒತ್ತಡದ ಲಕ್ಷಣಗಳು ಹೆಚ್ಚು ಎಂದು 2008ರಲ್ಲಿ ವರದಿಯಾಗಿದೆ. ಇವು ಸಂಭವನೀಯತೆಯನ್ನು ಹೇಳುವ ಫಲಿತಾಂಶಗಳು. ಕಷ್ಟದ ಬಾಲ್ಯ ಕಂಡ ಪ್ರತಿಯೊಬ್ಬರೂ ರೋಗಿಗಳಾಗುತ್ತಾರೆ ಎಂದು ಇವುಗಳಿಂದ ತೀರ್ಮಾನಿಸಲಾಗದು.

## ಸಂಬಂಧಿಸಿದ ರೋಗಗಳು

ಕುಶಿಂಗ್ ಸಿಂಡ್ರೋಮ್: ಪಿಟ್ಯುಟರಿ ಅಥವಾ ಅಡ್ರಿನಲ್ ಗಡ್ಡೆಯಿಂದ, ಇಲ್ಲವೇ ಸ್ಟೀರಾಯ್ಡ್ ಔಷಧಿಗಳ ದೀರ್ಘ ಸೇವನೆಯಿಂದ ಗ್ಲುಕೊಕಾರ್ಟಿಕಾಯ್ಡ್ ಮಟ್ಟ ಬಹುಕಾಲ ಏರಿ ಉಳಿಯುವ ಸ್ಥಿತಿ. ಖಿನ್ನತೆ, ಸಿಡುಕು ಮತ್ತು ಮರೆವು ಇದರಲ್ಲಿ ಸಾಮಾನ್ಯ. ಇಂಥ ರೋಗಿಗಳ ಹಿಪೊಕ್ಯಾಂಪಸ್ ಚಿಕ್ಕದಾಗಿರುವುದೂ, ಚಿಕಿತ್ಸೆಯಿಂದ ಕಾರ್ಟಿಸಾಲ್ ಇಳಿದಾಗ ಅದರ ಗಾತ್ರ ಸ್ವಲ್ಪಮಟ್ಟಿಗೆ ಹಿಗ್ಗುವುದೂ 1990ರ ದಶಕದ ಅಧ್ಯಯನಗಳಲ್ಲಿ ಕಂಡುಬಂದಿದೆ.

ಅಡಿಸನ್ ರೋಗ: ಅಡ್ರಿನಲ್ ಹೊರಪದರ ನಾಶವಾಗಿ ಕಾರ್ಟಿಸಾಲ್ ಕೊರತೆಯಾಗುವ ಸ್ಥಿತಿ. ತೀವ್ರ ಬಳಲಿಕೆ, ತೂಕ ಇಳಿಕೆ, ಚರ್ಮ ಕಪ್ಪಾಗುವುದು, ಕಡಿಮೆ ರಕ್ತದೊತ್ತಡ ಇದರ ಲಕ್ಷಣಗಳು. ಕ್ಷಯರೋಗ ಇದರ ಕಾರಣಗಳಲ್ಲೊಂದು. ಚಿಕಿತ್ಸೆ ಸಿಗದಿದ್ದರೆ ಪ್ರಾಣಾಪಾಯವಿದೆ.

ಖಿನ್ನತೆ: ತೀವ್ರ ಖಿನ್ನತೆಯುಳ್ಳವರಲ್ಲಿ ಒಂದು ಭಾಗದ ಜನರಿಗೆ ಕಾರ್ಟಿಸಾಲ್ ಹೆಚ್ಚಿರುತ್ತದೆ ಮತ್ತು ಹಿಮ್ಮಾಹಿತಿಯ ತಡೆ ದುರ್ಬಲವಾಗಿರುತ್ತದೆ. ಡೆಕ್ಸಾಮೆಥಾಸೋನ್ ನೀಡಿದರೆ ಸಾಮಾನ್ಯವಾಗಿ ತಗ್ಗಬೇಕಾದ ಕಾರ್ಟಿಸಾಲ್ ಇವರಲ್ಲಿ ತಗ್ಗದೆ ಉಳಿಯಬಹುದು. ಎಲ್ಲ ರೋಗಿಗಳಲ್ಲಿಯೂ ಹೀಗಾಗದ ಕಾರಣ ಇದನ್ನು ಖಿನ್ನತೆಯ ನಿರ್ಣಾಯಕ ಪರೀಕ್ಷೆಯಾಗಿ ಬಳಸುವುದಿಲ್ಲ.

ಆಘಾತೋತ್ತರ ಒತ್ತಡದ ಕಾಯಿಲೆ: ಯುದ್ಧ, ಅಪಘಾತ, ದೌರ್ಜನ್ಯಗಳ ನಂತರ ಕಾಣಿಸಿಕೊಳ್ಳುವ ಈ ಕಾಯಿಲೆಯಲ್ಲಿ ಕಾರ್ಟಿಸಾಲ್ ಮಟ್ಟ ಸಹಜವಾಗಿ ಅಥವಾ ಸಹಜಕ್ಕಿಂತ ಕಡಿಮೆಯಾಗಿಯೂ ಇರಬಹುದು. ಹಲವು ಅಧ್ಯಯನಗಳಲ್ಲಿ ಹಿಮ್ಮಾಹಿತಿಯ ತಡೆ ಅತಿಯಾಗಿ ಚುರುಕಾಗಿರುವುದು ಕಂಡಿದೆ. ಒತ್ತಡದ ಕಾಯಿಲೆಯೆಂದರೆ ಯಾವಾಗಲೂ ಕಾರ್ಟಿಸಾಲ್ ಹೆಚ್ಚಳ ಎಂಬ ಗ್ರಹಿಕೆ ತಪ್ಪೆಂಬುದಕ್ಕೆ ಇದು ನಿದರ್ಶನ.

## ಸ್ಟೀರಾಯ್ಡ್ ಔಷಧಿಗಳು

ಆಸ್ತಮಾ, ಸಂಧಿವಾತ, ಮೂತ್ರಪಿಂಡದ ಕೆಲವು ರೋಗಗಳು, ಮಿದುಳಿನ ಗಡ್ಡೆಯ ಸುತ್ತಲಿನ ಊತ ಮುಂತಾದವುಗಳಿಗೆ ನೀಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮೊದಲಾದ ಔಷಧಿಗಳು ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕದ ಮೂಲಕವೇ ಕೆಲಸ ಮಾಡುತ್ತವೆ. ಇವು ಪ್ರಾಣರಕ್ಷಕಗಳು. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ರಿಕವರಿ ಪ್ರಯೋಗವು ಆಮ್ಲಜನಕದ ನೆರವು ಬೇಕಾದ ಕೋವಿಡ್ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ತಗ್ಗಿಸುತ್ತದೆ ಎಂದು ತೋರಿಸಿತು.

ಈ ಔಷಧಿಗಳಿಂದ ನಿದ್ರಾಹೀನತೆ, ಅತಿಯಾದ ಉತ್ಸಾಹ, ಖಿನ್ನತೆ, ಅಪರೂಪಕ್ಕೆ ಭ್ರಮೆಗಳು ಉಂಟಾಗಬಹುದು. ಅಪಾಯವು ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ 1972ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 40 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪ್ರೆಡ್ನಿಸೋನ್ ಪಡೆದವರಲ್ಲಿ ಶೇ. 1.3ರಷ್ಟು, 80 ಮಿಲಿಗ್ರಾಂಗಿಂತ ಹೆಚ್ಚು ಪಡೆದವರಲ್ಲಿ ಶೇ. 18.4ರಷ್ಟು ಮಂದಿಗೆ ಮಾನಸಿಕ ತೊಂದರೆ ಕಾಣಿಸಿತ್ತು.

ಡೆಕ್ಸಾಮೆಥಾಸೋನ್ ಮುಖ್ಯವಾಗಿ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕಕ್ಕೆ ಅಂಟುತ್ತದೆ. ಅದು ಪಿಟ್ಯುಟರಿಯನ್ನು ತಡೆದಾಗ ದೇಹದ ಸ್ವಂತ ಕಾರ್ಟಿಸಾಲ್ ಉತ್ಪಾದನೆ ಕುಸಿಯುತ್ತದೆ. ಆಗ ಮಿದುಳಿನ ಮಿನರಲೊಕಾರ್ಟಿಕಾಯ್ಡ್ ಗ್ರಾಹಕಗಳು ಬರಿದಾಗಿ ಉಳಿಯುವುದೇ ಮಾನಸಿಕ ತೊಂದರೆಗಳಿಗೆ ಒಂದು ಕಾರಣವಿರಬಹುದೆಂಬ ಅಭಿಪ್ರಾಯವಿದೆ. ನೆದರ್ಲೆಂಡ್ಸಿನಲ್ಲಿ ರಕ್ತದ ಕ್ಯಾನ್ಸರಿಗೆ ಡೆಕ್ಸಾಮೆಥಾಸೋನ್ ಪಡೆಯುತ್ತಿದ್ದ ಮಕ್ಕಳಿಗೆ ಅದರೊಂದಿಗೆ ಹೈಡ್ರೊಕಾರ್ಟಿಸೋನ್, ಅಂದರೆ ಔಷಧಿ ರೂಪದ ಕಾರ್ಟಿಸಾಲ್, ಕೊಟ್ಟು ನೋಡಲಾಯಿತು. ಒಟ್ಟು ಮಕ್ಕಳಲ್ಲಿ ವ್ಯತ್ಯಾಸ ಕಾಣದಿದ್ದರೂ, ತೀವ್ರ ತೊಂದರೆ ಅನುಭವಿಸುತ್ತಿದ್ದ ಮಕ್ಕಳಲ್ಲಿ ಅದು ತಗ್ಗಿತು.

ವಾರಗಟ್ಟಲೆ ಸ್ಟೀರಾಯ್ಡ್ ಸೇವಿಸಿದವರು ವೈದ್ಯರ ಸಲಹೆಯಿಲ್ಲದೆ ಅದನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ. ಅಷ್ಟು ಕಾಲ ಸುಮ್ಮನಿದ್ದ ಅಡ್ರಿನಲ್ ಗ್ರಂಥಿಗಳು ತಕ್ಷಣ ಕಾರ್ಟಿಸಾಲ್ ತಯಾರಿಸಲಾರವು. ಆದುದರಿಂದ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಲಾಗುತ್ತದೆ.

## ಸಂಶೋಧನೆಯ ಮಿತಿಗಳು

ಮೇಲಿನ ಮಾಹಿತಿಯಲ್ಲಿ ಹೆಚ್ಚಿನದು ಇಲಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು. ಇಲಿಗಳ ಒತ್ತಡಕ್ಕೂ ಮನುಷ್ಯರ ಬಡತನ, ಒಂಟಿತನ, ಉದ್ಯೋಗದ ಅಭದ್ರತೆಗಳಂಥ ಒತ್ತಡಗಳಿಗೂ ವ್ಯತ್ಯಾಸವಿದೆ. ಮನುಷ್ಯರಲ್ಲಿ ಕಾರಣ ಯಾವುದು ಪರಿಣಾಮ ಯಾವುದು ಎಂದು ಬಿಡಿಸುವುದೂ ಕಷ್ಟ. ಆಘಾತೋತ್ತರ ಒತ್ತಡದ ಕಾಯಿಲೆಯುಳ್ಳವರ ಹಿಪೊಕ್ಯಾಂಪಸ್ ಚಿಕ್ಕದಾಗಿರುವುದಕ್ಕೆ ಕಾರಣ ಆಘಾತವೇ ಎಂದು ಮೊದಲು ಭಾವಿಸಲಾಗಿತ್ತು. ಆದರೆ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ ಅಮೆರಿಕದ ಸೈನಿಕರನ್ನೂ ಯುದ್ಧಕ್ಕೆ ಹೋಗದ ಅವರ ಏಕರೂಪಿ ಅವಳಿ ಸೋದರರನ್ನೂ ಹೋಲಿಸಿದ 2002ರ ಅಧ್ಯಯನದಲ್ಲಿ, ತೀವ್ರ ಕಾಯಿಲೆಯುಳ್ಳ ಸೈನಿಕರ ಅವಳಿಗಳ ಹಿಪೊಕ್ಯಾಂಪಸ್ ಕೂಡ ಚಿಕ್ಕದಾಗಿತ್ತು. ಚಿಕ್ಕ ಗಾತ್ರವು ಕಾಯಿಲೆಗೆ ಈಡಾಗುವ ಸಂಭವವನ್ನು ಹೆಚ್ಚಿಸುವ, ಮೊದಲೇ ಇದ್ದ ಗುಣವಾಗಿರಲು ಸಾಧ್ಯ ಎಂದು ಇದು ಸೂಚಿಸುತ್ತದೆ.

ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕವನ್ನು ತಡೆಯುವ ಮಿಫೆಪ್ರಿಸ್ಟೋನ್ ಎಂಬ ಔಷಧಿಯನ್ನು ಭ್ರಮೆಗಳಿಂದ ಕೂಡಿದ ಖಿನ್ನತೆಗೆ ಬಳಸುವ ಪ್ರಯೋಗಗಳು ನಡೆದಿವೆ. ಅವುಗಳಲ್ಲಿ ಖಚಿತವಾದ ಲಾಭ ಸಿದ್ಧವಾಗಿಲ್ಲ. ಈ ಗ್ರಾಹಕ ದೇಹದ ಬಹುತೇಕ ಎಲ್ಲ ಅಂಗಗಳಲ್ಲಿಯೂ ಇರುವುದರಿಂದ, ಮಿದುಳಿನ ಒಂದು ಭಾಗದಲ್ಲಿ ಮಾತ್ರ ಅದರ ಕೆಲಸವನ್ನು ತಿದ್ದುವುದು ಔಷಧಿ ಸಂಶೋಧನೆಯ ಮುಂದಿರುವ ಮುಖ್ಯ ತೊಡಕಾಗಿದೆ.